ಚಳಿಯ ಪರವಾಗಿ ಒಂದು ಭಾಷಣ

ಹಿರಿಯರನ್ನು ಒಂದು ಮಾತು ಕೇಳುವುದು ನಮ್ಮ ಜನರಲ್ಲಿ ಮರ್ಯಾದೆ. ಅವರ ಅಭಿಪ್ರಾಯ ಬೇಕಾಗಿದೆ ಎಂದು ಅದರ ಅರ್ಥವಲ್ಲ. ಮದುವೆ ಮನೆಯಲ್ಲಿ ಅಡುಗೆಯವರು ಬಂದು, ಒಲೆ ಹೊತ್ತಿಸಿ, ಹುಳಿಗೆ ತರಕಾರಿ ಹೆಚ್ಚಿ ಮುಗಿಸಿದ ಮೇಲೆ ಯಾರೋ ಒಬ್ಬರು ಮೂಲೆಯ ಕುರ್ಚಿಯಲ್ಲಿ ಕೂತ ಮುದುಕನ ಹತ್ತಿರ ಬಗ್ಗಿ, "ಹುಳಿ ಮಾಡಿಸೋಣವೋ, ಕೂಟು ಮಾಡಿಸೋಣವೋ, ಏನಂತೀರಿ?" ಎನ್ನುತ್ತಾರೆ. ಮುದುಕ ಸ್ವಲ್ಪ ಯೋಚಿಸಿದ ಹಾಗೆ ಮಾಡಿ, "ನೀವೆಲ್ಲ ಇದೀರಲ್ಲಪ್ಪ, ನೋಡಿ ಮಾಡಿ" ಎನ್ನಬೇಕು. ಕೇಳಿದವರಿಗೂ ತೃಪ್ತಿ, ಹೇಳಿದವನಿಗೂ ತೃಪ್ತಿ, ಹುಳಿಯಂತೂ ತನ್ನ ಪಾಡಿಗೆ ಕುದಿಯುತ್ತಿರುತ್ತದೆ. ಈ ಪಾತ್ರವನ್ನು ಬಹಳ ವರ್ಷ ಒಂದು ಮಾತೂ ತಪ್ಪದೆ ನಿರ್ವಹಿಸಿಕೊಂಡು ಬಂದವನು ನಾನು. ಕಳೆದ ಚಳಿಗಾಲದಲ್ಲಿ ಒಂದೇ ಒಂದು ಸಲ ಆ ಪ್ರಶ್ನೆಗೆ ನಿಜವಾಗಿಯೂ ಉತ್ತರ ಕೊಟ್ಟುಬಿಟ್ಟೆ. ಅದೂ ಪ್ರಾಮಾಣಿಕವಾದ ಉತ್ತರವಲ್ಲ. ಅದನ್ನು ಒಪ್ಪಿಕೊಳ್ಳದೆ ನನಗೆ ನೆಮ್ಮದಿಯಿಲ್ಲ. ಮನೆಯಲ್ಲಿ ಒಪ್ಪಿಕೊಂಡಾಯಿತು, ಸಭೆಯಲ್ಲಿ ಒಪ್ಪಿಕೊಂಡಾಯಿತು. ಎರಡು ಕಡೆಯೂ ನಾನು ಅಂದುಕೊಂಡ ಹಾಗೆ ಆಗಲಿಲ್ಲ. ಇನ್ನು ಉಳಿದವರು ನೀವೇ.

ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿ ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದವನು. ಈಗ ನಾನೂ ನನ್ನ ಹೆಂಡತಿ ಕಮಲಳೂ ಐರ್ಲೆಂಡಿನ ಕಾರ್ಕ್ ನಗರದ ಪಕ್ಕದ ಬ್ಯಾಲಿನ್‌ಕೊಲಿಗ್‌ನಲ್ಲಿ ಮಗಳ ಮನೆಯಲ್ಲಿದ್ದೇವೆ. ಮಗಳು ಸುಧಾ ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರು. ಅಳಿಯ ವಿನಯ ರಿಂಗಾಸ್ಕಿಡಿಯ ಒಂದು ಔಷಧಿ ಕಾರ್ಖಾನೆಯಲ್ಲಿ ಎಂಜಿನಿಯರು. ಮೊಮ್ಮಗಳು ಇಂಚರ ಇಲ್ಲೇ ಹುಟ್ಟಿದವಳು. ನಾವಾಡುವ ಕನ್ನಡವೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಕಾರ್ಕಿನವರ ರಾಗದ ಇಂಗ್ಲಿಷಿನಲ್ಲಿ ಬರುತ್ತದೆ. ಅವಳು ಫುಟ್‌ಬಾಲ್ ಗೋಲ್‌ಕೀಪರ್. ಈ ದೇಶದ ಕನ್ನಡಿಗರು ಸೇರಿ ಸಂಕ್ರಾಂತಿ ಕಪ್ ಎಂದು ಒಂದು ಪಂದ್ಯಾವಳಿ ಮಾಡುತ್ತಾರೆ. ತಂಡಕ್ಕೆ ಏಳು ಜನ. ಅವರಲ್ಲಿ ಇಬ್ಬರು ಶಾಲೆಯ ಮಕ್ಕಳಾಗಿರಬೇಕು. ಉಳಿದ ಐವರು ತಾವು ಶಾಲೆಯಲ್ಲಿದ್ದಾಗ ಬಹಳ ಚೆನ್ನಾಗಿ ಆಡುತ್ತಿದ್ದೆವೆಂದು ಹೇಳಿಕೊಳ್ಳುವ ಡಾಕ್ಟರುಗಳು, ಸಾಫ್ಟ್‌ವೇರಿನವರು. ಶರತ್ಕಾಲದಿಂದ ಆಡುತ್ತ ಬಂದು, ಕೊನೆಗೆ ಫೈನಲ್‌ಗೆ ಉಳಿದದ್ದು ನಮ್ಮ ಕಾರ್ಕ್ ಮತ್ತು ಡಬ್ಲಿನ್. ಕಾರ್ಕ್ ಅಲ್ಲಿಯವರೆಗೆ ಬಂದದ್ದು ಮುಖ್ಯವಾಗಿ ಇಂಚರಳಿಂದ. ಎದುರಿನವರ ಹೊಟ್ಟೆ ನೋಡಿಯೇ ಚೆಂಡು ಯಾವ ಕಡೆಗೆ ಬರುತ್ತದೆಂದು ತನಗೆ ಗೊತ್ತಾಗುತ್ತದೆ ಎನ್ನುತ್ತಾಳೆ.

ಫೈನಲ್ ಯಾವ ಊರಿನಲ್ಲಿ? ಅದೇ ಪ್ರಶ್ನೆ. ಡಬ್ಲಿನ್‌ನವರು ಕ್ಯಾಸಲ್‌ನಾಕ್‌ನಲ್ಲಿ ಒಂದು ಒಳಾಂಗಣ ಹಾಲ್ ನೋಡಿಟ್ಟಿದ್ದರು. ಮೇಲೆ ಸೂರು, ಕೆಳಗೆ ಪ್ಲಾಸ್ಟಿಕ್ ಹುಲ್ಲು, ಸುತ್ತ ಬೆಚ್ಚಗಿನ ಗಾಳಿ. ನಮ್ಮಲ್ಲಿ ಇದ್ದದ್ದು ಹೊಳೆಯ ಪಕ್ಕದ ಬಯಲು ಮೈದಾನ; ಮೇಲೆ ಆಕಾಶ, ಕೆಳಗೆ ಕೆಸರು. ಎಲ್ಲರ ಮನಸ್ಸೂ ಕ್ಯಾಸಲ್‌ನಾಕ್ ಕಡೆಗೇ ಇತ್ತು, ನನ್ನದೊಂದನ್ನು ಬಿಟ್ಟು. ಕ್ಯಾಸಲ್‌ನಾಕ್‌ನಲ್ಲಿ ಫೈನಲ್ ಎಂದರೆ ಹಿಂದಿನ ದಿನವೇ ಹೋಗಿ ಬೀಗರ ಮನೆಯಲ್ಲಿ ಉಳಿಯಬೇಕು. ಅದು ನನ್ನಿಂದಾಗದ ಕೆಲಸ.

ತಪ್ಪು ತಿಳಿಯಬೇಡಿ. ವಿನಯನ ತಂದೆ ಶ್ರೀಪತಯ್ಯನವರು ಬಹಳ ಸಜ್ಜನರು. ಸೈನ್ಸ್ ಮೇಷ್ಟ್ರಾಗಿ ನಿವೃತ್ತರಾದವರು. ಈಗ ದೊಡ್ಡ ಮಗನ ಜೊತೆ ಕ್ಯಾಸಲ್‌ನಾಕ್‌ನಲ್ಲಿದ್ದಾರೆ. ಅವರದೊಂದೇ ಸಿದ್ಧಾಂತ: ಮನೆಯಲ್ಲಿ ಹೀಟಿಂಗ್ ಹಾಕಿದರೆ ಮೈ ಸೋಮಾರಿಯಾಗುತ್ತದೆ. ಮಲಗುವ ಕೋಣೆಯ ಕಿಟಕಿ ಒಂದು ಗೇಣಾದರೂ ತೆರೆದಿರಬೇಕು. ಹಿಂದೊಮ್ಮೆ ಅಲ್ಲಿ ಉಳಿದಾಗ ನಾನು ಸ್ವೆಟರ್, ಶಾಲು, ಮಂಕಿ ಕ್ಯಾಪ್ ಎಲ್ಲ ಹಾಕಿಕೊಂಡು ಎರಡು ರಗ್ಗಿನ ಕೆಳಗೆ ಮಲಗಿದ್ದೆ. ಅದರಲ್ಲೊಂದನ್ನು ಕಮಲ ಎಳೆದುಕೊಂಡಳು. ಬೆಳಗ್ಗೆ ಎದ್ದ ಕೂಡಲೆ ಬೀಗರು, "ಬನ್ನಿ ಬೀಗರೇ, ಪಾರ್ಕಲ್ಲಿ ಜಿಂಕೆ ತೋರಿಸ್ತೀನಿ" ಎಂದು ಹೊರಡಿಸಿದರು. ಮಂಜಿನಲ್ಲಿ ಜಿಂಕೆಗಳೂ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ನಮ್ಮಿಬ್ಬರನ್ನು ನೋಡಿ ಅವುಗಳಿಗೂ ಅಯ್ಯೋ ಅನ್ನಿಸಿರಬೇಕು. ಕಿಟಕಿ ಮುಚ್ಚಿ ಎಂದು ಒಂದು ಮಾತು ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾವು ಹೆಣ್ಣು ಕೊಟ್ಟವರು ಸ್ವಾಮಿ. ಮದುವೆಯಾಗಿ ಎಷ್ಟು ವರ್ಷವಾಗಿರಲಿ, ಯಾವ ದೇಶದಲ್ಲಿರಲಿ, ಬೀಗರ ಮನೆಯ ಕಿಟಕಿ ಬೀಗರದು.

ಇನ್ನು ಭಾಷಣದ ಸರಕು ನನಗೆ ಎಲ್ಲಿಂದ ಬಂತೆಂದು ಹೇಳಬೇಕು. ವಿನಯನ ಮೇಲಧಿಕಾರಿ ಅಮೆರಿಕದವರು. ಅವರ ಜೊತೆ ಸೋಮವಾರ ಮಾತಾಡಲು ಏನಾದರೂ ಇರಲಿ ಎಂದು ವಿನಯ ಭಾನುವಾರ ಸಂಜೆ ಅಮೆರಿಕದ ಫುಟ್‌ಬಾಲ್ ನೋಡುತ್ತಾನೆ. ಅದರ ಹೆಸರು ಫುಟ್‌ಬಾಲ್ ಆದರೂ ಕಾಲು ಚೆಂಡಿಗೆ ತಗಲುವುದು ಅಪರೂಪ. ತೆಂಗಿನಕಾಯಿಯಂಥ ಚೆಂಡು, ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವ ಒಬ್ಬ, ಅವನ ಮೇಲೆ ಬೀಳುವ ಹತ್ತು ಜನ. ನಮ್ಮ ಬೆಳಗಿನ ಬಸ್ಸಿನ ಫುಟ್‌ಬೋರ್ಡಿನ ಹಾಗೆ. ನನಗೆ ಅದರಲ್ಲಿ ಇಷ್ಟವಾದದ್ದು ಚಳಿ. ಒಂದೇ ಸಮನೆ ಹಿಮ ಸುರಿಯುತ್ತಿರುತ್ತದೆ, ಗೆರೆಗಳೇ ಕಾಣುವುದಿಲ್ಲ, ಆಟಗಾರರ ಬಾಯಿಂದ ಎತ್ತಿನ ಉಸಿರಿನ ಹಾಗೆ ಹೊಗೆ ಬರುತ್ತಿರುತ್ತದೆ, ಪ್ರೇಕ್ಷಕರಲ್ಲಿ ಕೆಲವರು ಅಂಗಿ ಬಿಚ್ಚಿ ಮೈಗೆ ಬಣ್ಣ ಬಳಿದುಕೊಂಡು ಕುಣಿಯುತ್ತಿರುತ್ತಾರೆ. ರೇಡಿಯೇಟರಿಗೆ ಬೆನ್ನು ಕೊಟ್ಟು, ಕಾಲ ಮೇಲೆ ರಗ್ಗು ಹೊದ್ದು, ಕೈಯಲ್ಲಿ ಬಿಸಿ ಕಾಫಿ ಹಿಡಿದು ಇದನ್ನು ನೋಡುವುದರಷ್ಟು ಸುಖ ಬೇರೆ ಇಲ್ಲ. ಅಲ್ಲೂ ಒಂದು ತಕರಾರಿದೆಯಂತೆ. ಚಾಂಪಿಯನ್‌ಶಿಪ್ ಪಂದ್ಯವನ್ನು ವರ್ಷಗಳ ಮೊದಲೇ ಯಾವುದೋ ಊರಿಗೆ ಗೊತ್ತು ಮಾಡುತ್ತಾರೆ. ಊರುಗಳೆಲ್ಲ ಹೆಣ್ಣು ನೋಡಲು ಬಂದವರ ಮುಂದೆ ಕೂತ ಹಾಗೆ ತಮ್ಮ ಹೋಟೆಲು, ರಸ್ತೆ, ವಿಮಾನ ನಿಲ್ದಾಣ ತೋರಿಸಿ ಒಪ್ಪಿಸಬೇಕು. ಕೊನೆಗೆ ಸಾಮಾನ್ಯವಾಗಿ ಒಪ್ಪಿಗೆಯಾಗುವುದು ಬಿಸಿಲಿನ ಊರು, ಇಲ್ಲವೇ ಸೂರಿರುವ ಸ್ಟೇಡಿಯಂ. ತಿಂಗಳುಗಟ್ಟಲೆ ಹಿಮದಲ್ಲಿ ಒದ್ದಾಡಿದ ಊರಿಗೆ ಆ ಭಾಗ್ಯವಿಲ್ಲ. "ಅನ್ಯಾಯ ಅಲ್ವಾ ಮಾವ?" ಎಂದು ವಿನಯ ಒಮ್ಮೆ ಹೇಳಿದ್ದ. ನಾನು ಕಾಫಿ ಹೀರುತ್ತ, ಅನ್ಯಾಯವೇ ಎಂದಿದ್ದೆ.

ಫೈನಲ್ ಊರು ನಿರ್ಧರಿಸಲು ವಿಡಿಯೋ ಸಭೆ ಕರೆದರು. ಕಂಪ್ಯೂಟರಿನ ಪರದೆಯ ತುಂಬ ಚೌಕ ಚೌಕ ಮುಖಗಳು. ಒಂದು ಚೌಕದಲ್ಲಿ ಬೀಗರು ತೋಳಿಲ್ಲದ ಸ್ವೆಟರಿನಲ್ಲಿ ಕೂತಿದ್ದರು. ಹಿಂದೆ ಕಿಟಕಿಯ ಪರದೆ ಗಾಳಿಗೆ ಹಾರಾಡುತ್ತಿತ್ತು. ಅದನ್ನು ನೋಡಿದ್ದೇ ನನ್ನ ಮೊಣಕಾಲು ನೋಯತೊಡಗಿತು. ಕಾರ್ಯದರ್ಶಿ ಡಾಕ್ಟರ್ ಪ್ರಕಾಶ, ನಮ್ಮ ಕಾರ್ಕಿನವನೇ, ಎಲ್ಲ ಮಾತು ಮುಗಿಸಿ, "ಸರಿ, ಕ್ಯಾಸಲ್‌ನಾಕ್ ಅಂತ ಇಟ್ಕೊಳ್ಳೋಣ. ಅಂಕಲ್, ನೀವು ಹಿರಿಯರು, ಒಂದು ಮಾತು ಹೇಳಿಬಿಡಿ" ಎಂದ. "ನೋಡಿ ಮಾಡಿ" ಎನ್ನಬೇಕಾಗಿತ್ತು. ಬಾಯಿ ತೆರೆದೆ.

"ಒಂದು ಮಾತು ಕೇಳ್ತೀನಪ್ಪ. ಇಷ್ಟು ದಿನ ಮಳೇಲಿ, ಕೆಸರಲ್ಲಿ ಬಿದ್ದು ಎದ್ದು ಆಡಿದೋರಿಗೆ ಫೈನಲ್ ಮಾತ್ರ ಸೂರಿನ ಕೆಳಗಾ? ಅಮೆರಿಕದೋರು ಇದೇ ತಪ್ಪು ಮಾಡ್ಕೊಂಡು ಬಂದವ್ರೆ. ಚಳೀಲಿ ಬೆಳೆದ ಆಟಾನ ತಗೊಂಡೋಗಿ ಬಿಸಿಲಲ್ಲಿ ಮುಗಿಸ್ತಾರೆ. ನಾವೂ ಹಂಗೇ ಮಾಡೋದಾ? ಚಳಿ ಅಂದ್ರೆ ಹೆದರೋಕೆ ನಾವೇನು ಮುದುಕರಾ?"

ಕೊನೆಯ ವಾಕ್ಯ ಎಲ್ಲಿಂದ ಬಂತೋ ಈಗಲೂ ತಿಳಿಯದು. ಪರದೆಯ ಮೇಲೆ ಯಾರೂ ಅಲುಗಾಡಲಿಲ್ಲ. ಇಂಟರ್‌ನೆಟ್ ಹೋಯಿತೇನೋ ಎಂದುಕೊಂಡೆ. ಪ್ರಕಾಶ ಮ್ಯೂಟ್‌ನಲ್ಲೇ ಏನೋ ಹೇಳಿದ. ಅದು ಕೇಳಿಸದೆ ಇದ್ದದ್ದು ಒಳ್ಳೆಯದೇ ಆಯಿತೆಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಆದರೆ ಹಿರಿಯನೊಬ್ಬ ಬಾಯಿಬಿಟ್ಟು ಹೇಳಿದ ಮೇಲೆ ಬೇಡ ಎನ್ನುವ ಧೈರ್ಯ ನಮ್ಮ ಹುಡುಗರಿಗಿಲ್ಲ. ಅಷ್ಟರಲ್ಲಿ ಶ್ರೀಪತಯ್ಯನವರು, "ಭೇಷ್ ಬೀಗರೇ! ಇದು ಮಾತು!" ಎಂದು ಚಪ್ಪಾಳೆ ತಟ್ಟಿದರು. ಫೈನಲ್ ಬ್ಯಾಲಿನ್‌ಕೊಲಿಗ್‌ಗೆ ಬಂತು. ಬೀಗರೇ ನಮ್ಮ ಮನೆಗೆ ಬಂದು ಉಳಿಯುವುದೆಂದು ಆಯಿತು. ನಾನು ರೇಡಿಯೇಟರಿನ ತಿರುಪನ್ನು ಪ್ರೀತಿಯಿಂದ ಒಂದು ಸುತ್ತು ತಿರುಗಿಸಿ ಇನ್ನೊಂದು ಲೋಟ ಕಾಫಿ ಕೇಳಿದೆ.

ನನ್ನ ಸಂತೋಷ ಸುಧಾ ಆಸ್ಪತ್ರೆಯಿಂದ ಬರುವವರೆಗೆ ಇತ್ತು.

"ಓಪನ್ ಗ್ರೌಂಡಾ? ಜನವರೀಲಾ?" ಎಂದಳು, ಕೋಟನ್ನೂ ಬಿಚ್ಚದೆ. "ಯಾರು ಡಿಸೈಡ್ ಮಾಡಿದ್ದು?"

ವಿನಯ ಚಾವಣಿ ನೋಡಿದ. "ಹಿರಿಯರು" ಎಂದ.

"ಹಾಗಾದ್ರೆ ಇಂಚರ ಆಡಲ್ಲ."

ಆಗ ನನಗೆ ನೆನಪಾಯಿತು. ಹಿಂದಿನ ಚಳಿಗಾಲದಲ್ಲಿ ಶಾಲೆಯ ಪಂದ್ಯದಲ್ಲಿ ಹೀಗೇ ಬಯಲಲ್ಲಿ ಗೋಲಿನ ಮುಂದೆ ನಿಂತು ನಿಂತು ಮಗುವಿಗೆ ಉಸಿರು ಕಟ್ಟಿತ್ತು. ಓಡುವವರಿಗೆ ಮೈ ಬಿಸಿಯಾಗುತ್ತದೆ, ಗೋಲ್‌ಕೀಪರ್ ನಿಂತಲ್ಲೇ ತಣ್ಣನೆಯ ಗಾಳಿ ಕುಡಿಯುತ್ತಿರಬೇಕು. ಎದೆಯಲ್ಲಿ ಸಿಳ್ಳೆ ಹಾಕಿದ ಹಾಗೆ ಸದ್ದು. ಸುಧಾ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹೊರಗೆ ಬೆಂಚಿನ ಮೇಲೆ ಮಗುವಿನ ಕೋಟು ತೊಡೆಯ ಮೇಲಿಟ್ಟುಕೊಂಡು ಕೂತವನು ನಾನೇ. ಆ ನಾನೇ ಭಾಷಣ ಮಾಡುವಾಗ ಅವಳನ್ನು ನೆನೆಯಲಿಲ್ಲ. ಮೊಮ್ಮಗಳ ಎದೆ ಮುಖ್ಯವೋ ನನ್ನ ಮೊಣಕಾಲು ಮುಖ್ಯವೋ ಎಂದು ತೂಗಿ ನೋಡಿ ತಪ್ಪು ಮಾಡಿದ್ದರೆ ಅದೊಂದು ರೀತಿ. ನನಗೆ ಅವಳು ನೆನಪೇ ಆಗಲಿಲ್ಲ. ಅದು ಈಗಲೂ ಚುಚ್ಚುತ್ತದೆ.

"ನಾನಾದ್ರೂ ಅಲ್ಲಿದ್ರೆ ಬೇರೆ ಮಾತು" ಎಂದಳು ಸುಧಾ. "ಒಳಗಡೆ ಆಟ ಅಂತ ನಂಬ್ಕೊಂಡು ಆ ಭಾನುವಾರ ಡ್ಯೂಟಿ ಹಾಕಿಸ್ಕೊಂಡಿದೀನಿ. ಈಗ ಯಾರೂ ಬದಲಾಯಿಸ್ಕೊಳಲ್ಲ."

ಇಂಚರ ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಅಳಲಿಲ್ಲ, ಜಗಳವಾಡಲಿಲ್ಲ. "ಇಟ್ಸ್ ಗ್ರ್ಯಾಂಡ್, ತಾತ" ಎಂದಳು. ಇಲ್ಲಿ ಗ್ರ್ಯಾಂಡ್ ಎಂದರೆ ಪರವಾಗಿಲ್ಲ ಎಂದಷ್ಟೇ. ಬಸ್ ತಪ್ಪಿದರೂ ಗ್ರ್ಯಾಂಡ್, ಕಾಲು ಮುರಿದರೂ ಗ್ರ್ಯಾಂಡ್. ಸಾಲದ್ದಕ್ಕೆ, "ಯು ವೆರ್ ರೈಟ್ ಎನಿವೇ. ರಿಯಲ್ ಫುಟ್‌ಬಾಲ್ ಈಸ್ ಔಟ್‌ಸೈಡ್" ಎಂದು ನನ್ನ ಭುಜ ತಟ್ಟಿ ಹೋದಳು. ಬೈದಿದ್ದರೆ ಊಟವಾದರೂ ಇಳಿಯುತ್ತಿತ್ತು.

ಅಲ್ಲಿಂದ ಶುರುವಾಯಿತು ನನ್ನ ಪಾಡು. ಬೆಳಗ್ಗೆ ಎದ್ದ ಕೂಡಲೆ ಫೋನಿನಲ್ಲಿ ಹವಾಮಾನ. ಸ್ನಾನವಾದ ಮೇಲೆ ಹವಾಮಾನ. ದೇವರಿಗೆ ಕೈ ಮುಗಿಯುವಾಗಲೂ ಒಂದು ಕಣ್ಣು ಕಿಟಕಿಯ ಕಡೆಗೆ. ಮೊದಲು ಇಬ್ಬನಿ ಎಂದರು, ಆಮೇಲೆ ಹೆಪ್ಪುಗಟ್ಟುವ ಇಬ್ಬನಿ ಎಂದರು, ಆಮೇಲೆ ಹಳದಿ ಎಚ್ಚರಿಕೆ ಎಂದರು. ಪ್ರಕಾಶನಿಗೆ ಫೋನ್ ಮಾಡಿ, "ಯಾಕೋ ಕ್ಯಾಸಲ್‌ನಾಕೇ ವಾಸಿ ಅನ್ನಿಸ್ತಾ ಐತಪ್ಪ" ಎಂದೆ.

"ಹಾಲ್ ಹೋಯ್ತು ಅಂಕಲ್. ಯಾರೋ ಬರ್ತ್‌ಡೇ ಪಾರ್ಟಿಗೆ ತಗೊಂಡ್ರು. ನೀವು ಅಷ್ಟು ಚೆನ್ನಾಗಿ ಮಾತಾಡಿದ್ಮೇಲೆ ನಾವ್ಯಾಕೆ ಇಟ್ಕೊಳ್ಳೋಣ?" ಎಂದ. ಅವನ ದನಿಯಲ್ಲಿದ್ದದ್ದು ಗೌರವವೋ ಸಿಟ್ಟೋ ತಿಳಿಯಲಿಲ್ಲ. ವಾಟ್ಸಾಪ್ ಗ್ರೂಪಿನಲ್ಲಂತೂ ಹುಡುಗರು ದಿನಾ ಬೆಳಗ್ಗೆ ಶುಭೋದಯದ ಬದಲು, ಚಳಿಗೆ ಹೆದರೋಕೆ ನಾವೇನು ಮುದುಕರಾ ಎಂದು ಬರೆದು ಹೂವಿನ ಚಿತ್ರ ಹಾಕುತ್ತಿದ್ದರು.

ಕೊನೆಗೆ ತಡೆಯಲಾರದೆ ಒಂದು ಸಂಜೆ ಅಡುಗೆಮನೆಗೆ ಹೋದೆ. ಸುಧಾ ಅವರೆಕಾಳು ಹಿಸುಕುತ್ತಿದ್ದಳು. ಡಬ್ಲಿನ್‌ನ ಅಂಗಡಿಯಿಂದ ಬೀಗಿತ್ತಿ ಕಳಿಸಿದ್ದ ಫ್ರೋಜನ್ ಅವರೆ. ಕಮಲ ಒಲೆಯ ಮುಂದೆ ಇದ್ದಳು. ಎಲ್ಲವನ್ನೂ ಹೇಳಿಬಿಟ್ಟೆ. ಹಿಮ, ಅಮೆರಿಕ, ಆಟದ ನ್ಯಾಯ ಎಲ್ಲ ಸುಳ್ಳು. ನಿನ್ನ ಮಾವನ ಮನೆಯ ಕಿಟಕಿಗೆ ಹೆದರಿ ಹೀಗೆ ಮಾಡಿದೆ ಎಂದೆ.

ಕಮಲ ತಿರುಗದೆಯೇ, "ನಂಗೆ ಅವತ್ತೇ ಗೊತ್ತಿತ್ತು ಬಿಡ್ರೀ" ಎಂದಳು.

"ಮತ್ತೆ ಯಾಕೆ ಸುಮ್ನಿದ್ದೆ?"

"ನಂಗೂ ಆ ರೂಮು ಬೇಡವಾಗಿತ್ತು."

ಸುಧಾ ಕೈ ಒರೆಸಿಕೊಂಡು ನನ್ನನ್ನು ನೋಡಿದಳು. ಬೀಡಿ ಬಿಟ್ಟಿದ್ದೇನೆ ಎಂದು ಹೇಳುವ ರೋಗಿಗಳನ್ನು ಅವಳು ಹೀಗೇ ನೋಡುತ್ತಾಳೆಂದು ಕಾಣುತ್ತದೆ. "ಸರಿ ಅಪ್ಪ. ಅವಳು ಆಡ್ಲಿ, ಆದ್ರೆ ನೀವು ಒಂದ್ ಕೆಲಸ ಮಾಡಿ. ಆಟ ಮುಗಿಯೋವರ್ಗೂ ನೀವು ಗೋಲಿನ ಹಿಂದೆ ನಿಂತಿರ್ಬೇಕು. ಇನ್‌ಹೇಲರ್ ನಿಮ್ಮ ಜೇಬಲ್ಲಿ. ಆಟಕ್ಕೆ ಮುಂಚೆ ಕೊಡಿ, ಮೂಗಿನ ಮೇಲೆ ಸ್ಕಾರ್ಫ್ ಇರ್ಲಿ, ಬಾಲ್ ಆ ಕಡೆ ಇದ್ದಾಗ ಅವಳನ್ನ ಕುಣಿಸ್ತಾ ಇರಿ. ಎದೇಲಿ ಸಿಳ್ಳೆ ಕೇಳಿಸ್ತೋ, ಅವಳು ಹೊರಗೆ. ಅವಳು ಏನೇ ಅಂದ್ರೂ. ಆಗತ್ತಾ?"

"ಆಗ್ತದೆ" ಎಂದೆ. ಕಾರಿನಲ್ಲಿ ಕೂತು ಗಾಜಿನಿಂದ ನೋಡಬಹುದೇ ಎಂದು ಕೇಳಬೇಕೆಂದಿತ್ತು. ಕೇಳಲಿಲ್ಲ.

ಬೀಗರು ಶನಿವಾರವೇ ಬಂದರು. ಚಳಿಯ ಪ್ರೇಮಿಗಳಾದ ಇವರಿಗೆ ನಮ್ಮ ಮನೆಯ ಸೆಕೆ ಹೇಗೆ ಹಿಡಿಸುತ್ತದೋ ಎಂದು ನಮಗೆಲ್ಲ ಒಂದೇ ಆತಂಕ. ಶ್ರೀಪತಯ್ಯನವರು ಒಂದು ಕುರ್ಚಿಯನ್ನು ಮೆಲ್ಲಗೆ ರೇಡಿಯೇಟರಿನ ಪಕ್ಕಕ್ಕೆ ಎಳೆದುಕೊಂಡರು. ತಿಂಡಿ ಅಲ್ಲೇ, ಕಾಫಿ ಅಲ್ಲೇ, ಪೇಪರು ಅಲ್ಲೇ. ಬೀಗಿತ್ತಿ ಲಲಿತಮ್ಮ ಕಮಲಳ ಕಿವಿಯಲ್ಲಿ, "ಅಲ್ಲಿ ನಮ್ಮನ್ನ ಆ ತಿರುಪು ಮುಟ್ಟಕ್ಕೇ ಬಿಡಲ್ಲ ಕಣ್ರೀ. ಇಲ್ಲಿ ನೋಡಿ, ಬೆಕ್ಕಿನ ಥರ ಅಂಟ್ಕೊಂಡ್ ಕೂತವ್ರೆ" ಎಂದರಂತೆ. ಭಾನುವಾರ ಮೈದಾನಕ್ಕೆ ಹೋದಾಗ ಹುಲ್ಲೆಲ್ಲ ಉಪ್ಪು ಉದುರಿಸಿದ ಹಾಗೆ ಬೆಳ್ಳಗಿತ್ತು. ಬೀಗರು ಕಾರಿನಿಂದ ಒಂದು ಕಾಲು ಹೊರಗಿಟ್ಟು, ಗಾಳಿ ನೋಡಿ, ಕಾಲನ್ನು ಮತ್ತೆ ಒಳಗೆಳೆದುಕೊಂಡರು. "ನಾನು ಇಲ್ಲಿಂದಲೇ ಪೂರ್ತಿ ಮೈದಾನ ನೋಡ್ತೀನಿ, ಬೀಗರೇ. ಇಲ್ಲಿಂದ ಆಂಗಲ್ ಚೆನ್ನಾಗೈತೆ" ಎಂದರು. ವಿನಯ ಹೀಟರ್ ಹಾಕಿ ಕೊಟ್ಟ.

ನಾನು ಗೋಲಿನ ಬಲೆಯ ಹಿಂದೆ ನಿಂತೆ. ಚಳಿಯನ್ನು ನಾನು ವರ್ಣಿಸುವುದಿಲ್ಲ. ವರ್ಣಿಸುವ ಹಕ್ಕು ನನಗಿಲ್ಲ. ನನ್ನ ಗಮನವೆಲ್ಲ ಒಂದೇ ಒಂದು ಸದ್ದಿನ ಮೇಲಿತ್ತು. ಚೆಂಡು ಆ ಕಡೆ ಹೋದಾಗಲೆಲ್ಲ, "ಕುಣಿಯಮ್ಮ, ಕುಣಿ" ಎನ್ನುತ್ತ ನಾನೂ ಕುಣಿಯುತ್ತಿದ್ದೆ. ನೋಡಿದವರು ಮುದುಕನಿಗೆ ಆಟದ ಹುಚ್ಚು ಎಂದುಕೊಂಡರು. ಹುಡುಗಿ ಅದ್ಭುತವಾಗಿ ಆಡಿದಳು. ಡಬ್ಲಿನ್‌ನ ಒಬ್ಬ ಅರಿವಳಿಕೆ ಡಾಕ್ಟರು ಹೊಡೆದ ಚೆಂಡನ್ನು ಮೈ ಚಾಚಿ ಹಾರಿ ತಳ್ಳಿದಾಗ ಕಾರಿನೊಳಗಿಂದ ಹಾರನ್ ಕೇಳಿಸಿತು. ಬೀಗರು ತಮ್ಮೂರನ್ನು ಮರೆತು ಮೊಮ್ಮಗಳಿಗೆ ಚಪ್ಪಾಳೆ ತಟ್ಟುವ ರೀತಿ ಅದು. ಎರಡು ಕಡೆಯೂ ಒಂದೊಂದು ಗೋಲು. ಇನ್ನೇನು ಆಟ ಮುಗಿಯುತ್ತದೆ ಎನ್ನುವಾಗ ನನಗೆ ಆ ಸದ್ದು ಕೇಳಿಸಿತು. ತೆಳುವಾಗಿ, ದೂರದ ಕುಕ್ಕರಿನ ಹಾಗೆ.

"ಇಂಚರ."

ಅವಳು ತಿರುಗಿದಳು. ಸ್ಕಾರ್ಫಿನ ಮೇಲೆ ಎರಡು ಕಣ್ಣು. "ಇಟ್ಸ್ ಓನ್ಲಿ ದ ವಿಂಡ್, ತಾತ. ಪ್ಲೀಸ್."

ಗಾಳಿ ನಿಜವಾಗಿಯೂ ಬೀಸುತ್ತಿತ್ತು. ಗಾಳಿಯೇ ಎಂದು ಸುಮ್ಮನಾಗಬಹುದಿತ್ತು. ಅವಳ ಸಲುವಾಗಿ ಒಂದು ಸಣ್ಣ ಸುಳ್ಳು; ನನಗಾಗಿ ಅಷ್ಟು ದೊಡ್ಡದನ್ನೇ ಹೇಳಿದವನಿಗೆ ಇದು ಯಾವ ಲೆಕ್ಕ? ಅವಳು ಇನ್ನೊಂದು ಉಸಿರು ಎಳೆದುಕೊಂಡಳು. ಮತ್ತೆ ಸಿಳ್ಳೆ. ರೆಫರಿ ನಮ್ಮ ಪಕ್ಕದ ಮನೆಯ ಡೆಕ್ಲನ್. ಅವನು ಮೈದಾನದ ಆ ತುದಿಯಲ್ಲಿದ್ದ. ಕೂಗಬೇಕು, ಏನೆಂದು ಕೂಗಬೇಕೋ ತಿಳಿಯದು. ಬಾಯಿಗೆ ಬಂದದ್ದು ಬಸ್ ನಿಲ್ಲಿಸಲು ಕೂಗುತ್ತಿದ್ದ ಹೊಟ್ಟೆಪಾಡಿನ ಮಾತು.

"ಹೋಲ್ಡಾನ್!"

ಚೆಂಡಿನ ಹಿಂದೆ ಓಡುತ್ತಿದ್ದ ಡಾಕ್ಟರು, ಎಂಜಿನಿಯರು, ಕಾರ್ಕಿನವರು, ಡಬ್ಲಿನ್‌ನವರು, ಬೆಂಗಳೂರಿನಲ್ಲಿ ಬಸ್ ಹತ್ತಿ ಬೆಳೆದ ಅಷ್ಟೂ ಜನ ಬ್ರೇಕ್ ಹಾಕಿದ ಹಾಗೆ ನಿಂತರು. ಒಬ್ಬನಂತೂ ಹಿಡಿದುಕೊಳ್ಳಲು ಕಂಬಿ ಹುಡುಕುವವನಂತೆ ಕೈ ಮೇಲೆತ್ತಿದ. ಚೆಂಡು ಮಾತ್ರ ಉರುಳಿಕೊಂಡು ಹೋಗಿ ಹೊಳೆಯ ಕಡೆಯ ಬೇಲಿಗೆ ತಾಗಿತು. ಡೆಕ್ಲನ್ ಸೀಟಿಯನ್ನು ಬಾಯಲ್ಲಿ ಇಟ್ಟುಕೊಂಡು ಊದುವುದನ್ನೇ ಮರೆತು ನೋಡುತ್ತಿದ್ದ. ಅವನ ಸೀಟಿಗೂ ಇವರು ಹೀಗೆ ಒಮ್ಮೆಯೂ ನಿಂತಿರಲಿಲ್ಲ.

ಇಂಚರಳನ್ನು ಹೊರಗೆ ಕರೆದುಕೊಂಡು ಬಂದೆ. ಇನ್‌ಹೇಲರ್ ಕೊಟ್ಟು, ಕಂಬಳಿ ಸುತ್ತಿ, ಬೀಗರ ಪಕ್ಕದಲ್ಲಿ ಕಾರಿನಲ್ಲಿ ಕೂರಿಸಿದೆ. ಸ್ವಲ್ಪ ಹೊತ್ತಿಗೆ ಉಸಿರು ಸರಿಯಾಯಿತು. ಸುಧಾಗೆ ಫೋನ್ ಮಾಡಿ ಹೇಳಿದೆ. "ಒಳ್ಳೇ ಕೆಲಸ ಮಾಡಿದ್ರಿ ಅಪ್ಪ" ಎಂದಳು. ಇಂಚರ ಹಾಗೆನ್ನಲಿಲ್ಲ. ಗಾಜಿನ ಕಡೆಗೆ ಮುಖ ತಿರುಗಿಸಿಕೊಂಡು ಕೂತಿದ್ದಳು. ಬದಲಿಗೆ ಬೇರೆ ಮಗು ಇಲ್ಲದ್ದರಿಂದ, ಡಬ್ಲಿನ್‌ನವರ ಒಪ್ಪಿಗೆ ಪಡೆದು, ಅವಳ ಜಾಗಕ್ಕೆ ಪ್ರಕಾಶ ಕೈಗವಸು ಹಾಕಿಕೊಂಡು ನಿಂತ. ಗೋಲಿನ ಮುಕ್ಕಾಲು ಭಾಗ ಅವನೇ ತುಂಬಿದ್ದ. ಉಳಿದ ಕಾಲು ಭಾಗದಲ್ಲಿ ಚೆಂಡು ಒಳಗೆ ಹೋಯಿತು. ನಾವು ಸೋತೆವು.

ಆಮೇಲೆ ಹತ್ತಿರದ ಹಾಲ್‌ನಲ್ಲಿ ಎಳ್ಳುಬೆಲ್ಲ, ಬಿಸಿಬೇಳೆಬಾತು, ಬಹುಮಾನ. ಚಳಿಯಲ್ಲಿ ಆಡುವ ಕೆಚ್ಚು ಕಲಿಸಿದ ಹಿರಿಯರು ಎಂದು ನನಗೊಂದು ಶಾಲು ಹೊದಿಸಿ, ಎರಡು ಮಾತಾಡಿ ಎಂದರು. ಇದೇ ಸಮಯ ಎಂದುಕೊಂಡು ಎದ್ದು ನಿಂತೆ. "ನಾನು ನಿಮಗೆಲ್ಲ ಮೋಸ ಮಾಡಿದೀನಿ. ಚಳಿ ಮೇಲೆ ನಂಗೆ ಪ್ರೀತಿ ಏನೂ ಇಲ್ಲ. ನಮ್ಮ ಬೀಗರ ಮನೆ ಚಳಿಗೆ ಹೆದರಿ ಫೈನಲ್‌ನ ಇಲ್ಲಿಗೆ ತಂದೆ. ಅದರಿಂದ ಮೊಮ್ಮಗಳಿಗೆ ಹೀಗಾಯ್ತು, ನಮ್ಮ ಕಾರ್ಕಿನೋರೂ ಸೋತ್ರು. ನನ್ನನ್ನ ಕ್ಷಮಿಸಿ" ಎಂದೆ.

ಸಭೆ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಶ್ರೀಪತಯ್ಯನವರು, ಕಣ್ಣೊರೆಸಿಕೊಳ್ಳುತ್ತ, "ನಮ್ಮ ಬೀಗರ ಹಾಸ್ಯಪ್ರಜ್ಞೆ ಅಂದ್ರೆ ಹಾಸ್ಯಪ್ರಜ್ಞೆ!" ಎಂದು ಪಕ್ಕದವರಿಗೆ ಹೇಳಿದರು. ನಾನು ನಿಜ, ನಿಜ ಎಂದಷ್ಟೂ ಚಪ್ಪಾಳೆ ಹೆಚ್ಚಾಯಿತು. ನಗದೆ ಇದ್ದವಳು ಒಬ್ಬಳೇ. ಕಂಬಳಿ ಹೊದ್ದು ಹಿಂದಿನ ಸಾಲಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು.

ಮನೆಗೆ ಬರುವಾಗ ಕಾರಿನಲ್ಲಿ ಕೇಳಿದಳು. "ತಾತ, ವಾಸ್ ದಟ್ ಟ್ರೂ?"

"ನಿಜ ಕಣಮ್ಮ."

"ಆಲ್ ಆಫ್ ಇಟ್?"

"ಎಲ್ಲಾ."

ಕಾರು ಸಿಗ್ನಲ್ ದಾಟಿತು. ಆಮೇಲೆ ತೀರ್ಪು ಕೊಟ್ಟಳು. ಅವಳ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುವುದಾದರೆ: ಮುಂದಿನ ವರ್ಷದ ಫೈನಲ್ ಕ್ಯಾಸಲ್‌ನಾಕ್‌ನ ಹಾಲ್‌ನಲ್ಲೇ ಆಗಬೇಕು, ಅದನ್ನು ನಾನೇ ಸಭೆಯ ಮುಂದೆ ಇಡಬೇಕು, ಹಿಂದಿನ ದಿನ ಡಬ್ಲಿನ್ ತಾತನ ಮನೆಯಲ್ಲಿ ಅದೇ ಕೋಣೆಯಲ್ಲಿ ನಾನು ಮಲಗಬೇಕು, ಕಿಟಕಿಯನ್ನು ಅವಳೇ ತನ್ನ ಕೈಯಾರೆ ಪೂರ್ತಿ ತೆರೆಯುತ್ತಾಳೆ. ಇಷ್ಟು ಹೇಳಿ, ತಣ್ಣಗಿದ್ದ ಕೈಯನ್ನು ನನ್ನ ಶಾಲಿನೊಳಗೆ ತೂರಿಸಿ ನಿದ್ದೆ ಹೋದಳು. ನನಗೆ ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು. ಉಳಿದವರೆಲ್ಲ ನನ್ನ ತಪ್ಪಿಗೆ ಶಾಲು ಹೊದಿಸಿದರು. ಒಬ್ಬಳಾದರೂ ಶಿಕ್ಷೆ ಕೊಟ್ಟಳಲ್ಲ. ಆಗಲಿ ತಾಯಿ ಎಂದೆ. ಮನಸಾರೆಯೇ ಎಂದೆ.

ಆದರೂ ಮಾತಿಗೆ ಹೇಳುತ್ತೇನೆ, ಮೊನ್ನೆ ವಿನಯನನ್ನು ಸುಮ್ಮನೆ ಕೇಳಿ ನೋಡಿದೆ. ಗಾಲ್ವೇಯಲ್ಲೂ ಒಂದು ಒಳಾಂಗಣ ಹಾಲ್ ಇದೆಯಂತೆ. ಊರು ಚೆನ್ನಾಗಿದೆಯಂತೆ, ಹೋಟೆಲುಗಳೆಲ್ಲ ಬೆಚ್ಚಗಿವೆಯಂತೆ. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿ ನಮಗೆ ನೆಂಟರು ಯಾರೂ ಇಲ್ಲ.